ಬಾಂಡ್ಲಿಯೊಳಗಿನ ಕಾಮಿನಿ

"ಭೂತಪ್ಪ!"

ಯಾರೂ ಓಗೊಡಲಿಲ್ಲ. ಮೇಸ್ತ್ರಿ ವೆಂಕಟಾಚಲ ಹಾಜರಿ ಪುಸ್ತಕದಿಂದ ತಲೆಯೆತ್ತಿ, ಬಂಗಲೆ ಸಾಲಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಹದಿನಾಲ್ಕು ಜನ ತೋಟದಾಳುಗಳ ಮೇಲೆ ಕಣ್ಣಾಡಿಸಿದ.

"ಏ ಜಟ್ಟಪ್ಪ, ಕಿವಿ ಅಡ ಇಟ್ಟೀಯೇನೋ? ಈ ಸಲ ನೀನೇ ಕಣಯ್ಯಾ ಭೂತಪ್ಪ."

"ನಾನು ಕೊಟ್ರಬಸಪ್ಪ ಆಗಿದ್ನಲ್ಲ?"

"ಕೊಟ್ರಬಸಪ್ಪಂಗೆ ಬ್ರೇಕ್ ಆಯ್ತು."

"ಅಯ್ಯೋ ಪಾಪ, ಒಳ್ಳೆ ಮನುಷ್ಯ," ಎಂದು ಪಕ್ಕದಲ್ಲಿದ್ದ ಕಲ್ಲಪ್ಪ ನಿಟ್ಟುಸಿರು ಬಿಟ್ಟ. "ಬೀಡಿಗೆ ಬೆಂಕಿ ಕೇಳಿದ್ರೆ ಇಲ್ಲ ಅಂತಿರ್ಲಿಲ್ಲ."

ಎಲ್ಲರೂ ನಕ್ಕರು. ಜಟ್ಟಪ್ಪ ನಗಲಿಲ್ಲ. ಎದ್ದು ಹೋಗಿ ಭೂತಪ್ಪನ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿ, ಬೆರಳನ್ನು ಚಡ್ಡಿಗೆ ಒರೆಸಿಕೊಂಡು ಬಂದು ಕೂತ.

ಭದ್ರಾವತಿಯ ಕಾರ್ಖಾನೆಯ ದೊಡ್ಡ ಅಧಿಕಾರಿಗಳ ಬಂಗಲೆಗಳ ತೋಟ ನೋಡಿಕೊಳ್ಳುವ ಗುತ್ತಿಗೆ ಶಿವಯೋಗಪ್ಪನದು. ಅವನ ಪುಸ್ತಕದಲ್ಲಿ ಯಾವ ಆಳೂ ಮೂರು ತಿಂಗಳು ದಾಟಿ ಬದುಕುತ್ತಿರಲಿಲ್ಲ. ಮೂರು ತಿಂಗಳು ತುಂಬುತ್ತಲೇ ಹೆಸರು ಹೊಡೆದುಹಾಕಿ ಹದಿನೈದು ದಿನ ಮನೆಗೆ ಕಳಿಸುತ್ತಿದ್ದರು. ಸತತ ದುಡಿದರೆ ಖಾಯಂ ಮಾಡೆಂದು ಕೇಳಿಯಾರೆಂಬ ಭಯಕ್ಕೆ ಹೂಡಿದ ಈ ಉಪಾಯದ ಹೆಸರು ಬ್ರೇಕ್. ಆಮೇಲೆ ಅದೇ ಆಳು, ಅದೇ ಕತ್ತರಿ, ಅದೇ ಬೇಲಿ, ಬೇರೆ ಹೆಸರು. ಕೆಲಸ ಜಾಸ್ತಿಯಿದ್ದರೆ ಬ್ರೇಕಿನ ದಿನಗಳಲ್ಲೂ ಕರೆದು, ಇಲ್ಲದ ಯಾರದೋ ಹೆಸರಿನಲ್ಲಿ ದುಡಿಸಿಕೊಳ್ಳುತ್ತಿದ್ದರು. ಹೀಗೆ ಜಟ್ಟಪ್ಪ ಹನ್ನೊಂದು ವರ್ಷ ಕಳೆದಿದ್ದ. ಮೊದಮೊದಲು ಅವನಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ನಗು ಬರುತ್ತಿತ್ತು. ಈಗ ಏನೂ ಬರುತ್ತಿರಲಿಲ್ಲ.

ಏನೂ ಬಾರದ ಆ ಕಾಲದಲ್ಲೇ ಅವನಿಗೆ ಕಾಮಿನಿ ಗಿಡ ಸಿಕ್ಕಿದ್ದು. ನಾಲ್ಕು ವರ್ಷದ ಹಿಂದೆ ರಸ್ತೆ ಅಗಲ ಮಾಡಲು ಬಂಗಲೆಗಳ ಹಳೇ ಬೇಲಿಯನ್ನೆಲ್ಲ ಬುಡಸಮೇತ ಕೀಳಿಸಿದರು. ತೋಳುದಪ್ಪದ ಕಾಂಡದ ಕಾಮಿನಿ, ಮದರಂಗಿ, ಕಾಗದದ ಹೂವಿನ ಗಿಡಗಳು ಬೇರು ಮೇಲೆ ಮಾಡಿಕೊಂಡು ರಸ್ತೆಯುದ್ದಕ್ಕೂ ಬಿದ್ದವು. ಹಂಡೆ ಒಲೆಗೆ ಆಗುತ್ತದೆಂದು ಆಳುಗಳು ಕಡಿದು ಹೊರೆ ಕಟ್ಟಿದರು. ಜಟ್ಟಪ್ಪನೂ ಒಂದು ಬುಡ ಹೊತ್ತುಕೊಂಡು ಹೊರಟ. ಓಲ್ಡ್ ಟೌನಿನ ಕೂಲಿಕೇರಿಯ ತನಕ ಹೊತ್ತು ಬಂದವನು ಅದನ್ನು ಒಲೆಗೆ ಇಡಲಿಲ್ಲ. ತಾಯಿಬೇರನ್ನು ಗರಗಸದಲ್ಲಿ ಕೊಯ್ದು, ತೂತು ಬಿದ್ದ ಕಬ್ಬಿಣದ ಬಾಂಡ್ಲಿಗೆ ಮರಳು, ಗೊಬ್ಬರ ತುಂಬಿ ನೆಟ್ಟುಬಿಟ್ಟ.

"ಹೆಣ ತಂದು ಹೊಸ್ತಿಲಲ್ಲಿ ಕೂರ್ಸಿದಂಗೆ ಕೂರ್ಸೀಯಲ್ಲ," ಎಂದು ಹೆಂಡತಿ ಹುಚ್ಚಮ್ಮ ಬೈದಳು. "ನೆಲದಾಗಾದ್ರೂ ನೆಡಬಾರ್ದಾ?"

"ನೆಲ ಯಾರದು?"

ಗುಡಿಸಲು ನಿಂತ ನೆಲವೂ ಅವರದಲ್ಲ.

ಎರಡು ತಿಂಗಳು ಅದು ಸತ್ತಂತೆಯೇ ಕೂತಿತ್ತು. ಮೂರನೇ ತಿಂಗಳು ಕಡಿದ ಗಾಯದ ಅಂಚಿನಲ್ಲಿ ಸಾಸಿವೆಯಷ್ಟು ಹಸಿರು ಉಬ್ಬಿತು. ಆಮೇಲೆ ಅವನು ಕಿತ್ತೆಸೆದದ್ದನ್ನೆಲ್ಲ ಹೊತ್ತು ತರತೊಡಗಿದ. ಒಡೆದ ಕೊಡ, ಡಬ್ಬ, ಹಂಚಿನ ಚೂರು, ಎಲ್ಲದರಲ್ಲೂ ಮೊಣಕಾಲೆತ್ತರದ ಮುದಿ ಗಿಡಗಳು.

ಅರವತ್ತೈದನೇ ಇಸವಿಯ ಬೇಸಗೆ ಮಳೆ ಶುರುವಾದಾಗ ಹಾಲಮ್ಮನ ಕಾಲು ಹೋಯಿತು. ಒಂಬತ್ತು ವರ್ಷದಿಂದ ಅದೇ ತೋಟಗಳಲ್ಲಿ ಕಳೆ ಕೀಳುತ್ತಿದ್ದ ವಿಧವೆ ಆಕೆ. ಅವಳ ಹೆಸರಿಗೆ ಆಗ ಬ್ರೇಕ್ ಬಿದ್ದಿತ್ತು. ಯಾರೋ ದೊಡ್ಡವರು ಬರುತ್ತಾರೆ, ಹುಲ್ಲುಹಾಸು ಸಿದ್ಧವಾಗಬೇಕೆಂದು ಕರೆಸಿ, ಪುಸ್ತಕದಲ್ಲಿ ಹುಲಿಗೆಮ್ಮ ಎಂದು ಬರೆದುಕೊಂಡಿದ್ದರು. ಜಟ್ಟಪ್ಪ ಕಲ್ಲಿನ ರೋಲರ್ ಎಳೆಯುತ್ತಿದ್ದ. ಅವಳು ಅವನ ಬೆನ್ನ ಹಿಂದೆ, ಹಗ್ಗದ ಪಕ್ಕದಲ್ಲಿ, ರೋಲರಿನ ಮುಂದೆ ಮುಂದೆ ಹರಳು ಹೆಕ್ಕುತ್ತಿದ್ದಳು. ಒದ್ದೆ ಹುಲ್ಲಿನಲ್ಲಿ ಜಾರಿ ಬಿದ್ದಳು. ರೋಲರ್ ಅವಳ ಪಾದದ ಮೇಲೆ ಹಾಯಿತು. ಆಸ್ಪತ್ರೆಯಲ್ಲಿ ಅರ್ಧ ಪಾದ ತೆಗೆದರು.

ಹಾಲಮ್ಮ ಪರಿಹಾರ ಕೇಳಿದಳು. ಅವತ್ತು ಕೆಲಸದಲ್ಲಿದ್ದದ್ದು ಹುಲಿಗೆಮ್ಮ, ಹಾಲಮ್ಮನಲ್ಲ ಎಂದು ಶಿವಯೋಗಪ್ಪ ಪುಸ್ತಕ ತೋರಿಸಿದ. ಅವಳು ಶಿವಮೊಗ್ಗದ ಕಾರ್ಮಿಕ ಅಧಿಕಾರಿಗೆ ಅರ್ಜಿ ಹಾಕಿದಳು. ವಿಚಾರಣೆಗೆ ದಿನ ಗೊತ್ತುಮಾಡಿದರು.

ಆ ವಾರವೇ ಬಂಗಲೆಯೊಂದರ ಅಮ್ಮಾವ್ರು, ದೊಡ್ಡ ಅಧಿಕಾರಿಯ ಹೆಂಡತಿ, ಜಟ್ಟಪ್ಪನನ್ನು ಕರೆಸಿದರು. ಅವನ ಗಿಡಗಳ ವಿಷಯ ವೆಂಕಟಾಚಲನೇ ಅವರ ಕಿವಿಗೆ ಹಾಕಿದ್ದ. ಜಟ್ಟಪ್ಪ ಬಾಂಡ್ಲಿಯನ್ನು ತಲೆಯ ಮೇಲೆ ಹೊತ್ತು ತಂದು ವರಾಂಡದಲ್ಲಿಟ್ಟ. ಅಮ್ಮಾವ್ರು ಕನ್ನಡಕ ಹಾಕಿಕೊಂಡು ಸುತ್ತ ನಡೆದು ನೋಡಿದರು.

"ಜಟ್ಟಪ್ಪ, ಇದಕ್ಕೆ ಏನಂತಾರೆ ಗೊತ್ತೇನಪ್ಪ? ಬೋನ್ಸಾಯಿ. ಜಪಾನಿನವರ ವಿದ್ಯೆ. ನಿನಗೆ ಯಾರು ಹೇಳಿಕೊಟ್ಟರು?"

"ಯಾರೂ ಇಲ್ರಮ್ಮ. ಬಾಂಡ್ಲಿ ಸಣ್ಣದು, ಅದುಕ್ಕೆ ಗಿಡಾನೂ ಸಣ್ಣಕ್ಕೈತೆ."

ಅವರು ಚಿತ್ರದ ಪುಸ್ತಕ ತಂದು ಅರ್ಥ ಹೇಳಿದರು. "ನೋಡು, ಆಗಾಗ ಗಿಡಾನ ಮೇಲೆತ್ತಿ ಬೇರು ಕತ್ತರಿಸಬೇಕಂತೆ. ಮತ್ತೆ ಅದೇ ಕುಂಡದಲ್ಲಿ ಕೂರಿಸಬೇಕು. ವಯಸ್ಸಾಗುತ್ತೆ, ಆದರೆ ಬೆಳೆಯೋದಿಲ್ಲ."

"ಗೊತ್ರಮ್ಮ. ನಮ್ಮಲ್ಲಿ ಅದುಕ್ಕೆ ಬ್ರೇಕ್ ಅಂತಾರೆ."

ಅವರಿಗೆ ಅರ್ಥವಾಗಲಿಲ್ಲ. ನಕ್ಕು, "ನಮ್ಮ ತೋಟಕ್ಕೆ ನಿನ್ನನ್ನೇ ಖಾಯಂ ಮಾಲಿ ಮಾಡಲಿಕ್ಕೆ ಶಿವಯೋಗಪ್ಪನಿಗೆ ಹೇಳ್ತೀನಿ," ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಬೇಲಿಯಾಚೆ ಕಳೆ ಕೀಳುತ್ತಿದ್ದ ಕಲ್ಲಪ್ಪನ ಕಿವಿಗೆ ಬಿದ್ದದ್ದು ಒಂದೇ ಮಾತು, ಬೋನ್ಸಾಯಿ. ಆ ವರ್ಷ ಬೋನಸ್ಸಿನ ಕಾನೂನು ಬರುತ್ತದಂತೆ ಎಂದು ಊರೆಲ್ಲ ಅದೇ ಸುದ್ದಿ. ಸಂಜೆಯೊಳಗೆ ಕೂಲಿಕೇರಿ ತುಂಬ ಹಬ್ಬಿತು: ಜಟ್ಟಪ್ಪನಿಗೆ ಬೋನಸ್ಸಾಯ್ತು!

"ಎಲ್ಲಯ್ಯಾ, ತೋರ್ಸು," ಎಂದು ಹುಚ್ಚಮ್ಮ ಸೆರಗು ಒಡ್ಡಿ ಬಾಗಿಲಲ್ಲೇ ನಿಂತಿದ್ದಳು.

ಜಟ್ಟಪ್ಪ ತಲೆಯ ಮೇಲಿನ ಬಾಂಡ್ಲಿ ಇಳಿಸಿದ. "ಇದೇ ಕಣೇ."

ಕಲ್ಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಯೂನಿಯನ್ನೋರು ಬಾವುಟ ಹಿಡ್ಕಂಡು ಗಂಟ್ಲು ಹರ್ಕಂತವ್ರೆ. ಇವನಿಗೆ ನೋಡು ಮಾರಾಯ, ಬಾಂಡ್ಲೀಲೇ ಕೊಟ್ಟು ಕಳ್ಸವ್ರೆ!"

ಮಾರನೆಯ ದಿನ ವೆಂಕಟಾಚಲ ಅವನನ್ನು ಮರೆಗೆ ಕರೆದ.

"ಅಮ್ಮಾವ್ರ ಮಾತು ಯಜಮಾನ್ರಿಗೆ ಮುಟ್ಟೈತೆ. ಖಾಯಂ ಮಾಡ್ತಾರೆ. ನಿನ್ನ ಹೆಸರಲ್ಲೇ, ಜಟ್ಟಪ್ಪ ಅಂತ. ಶುಕ್ರವಾರ ಶಿವಮೊಗ್ಗಕ್ಕೆ ಬಂದು ಒಂದು ಮಾತು ಹೇಳ್ಬೇಕು. ಹಾಲಮ್ಮ ಅವತ್ತು ಕೆಲಸಕ್ಕಿರ್ಲಿಲ್ಲ. ಆಡಿಗೆ ಹುಲ್ಲು ಕೊಯ್ಯಕ್ಕೆ ಕದ್ದು ನುಗ್ಗಿದ್ಲು. ಅಷ್ಟೇ."

ಜಟ್ಟಪ್ಪ ಅವನ ಮುಖವನ್ನೇ ನೋಡಿದ.

"ನನ್ನ ಹಂಗೆ ನೋಡ್ಬೇಡ ಕಣೋ," ಎಂದ ವೆಂಕಟಾಚಲ. ಅವನ ದನಿ ತಗ್ಗಿತು. "ಪುಸ್ತಕದಾಗೆ ನಾನೂ ಮೂರು ತಿಂಗಳ ಮೇಸ್ತ್ರೀನೇ. ಮನೇಲಿ ಐದು ಹೊಟ್ಟೆ. ಹಾಲಮ್ಮನ ಪಾದ ನೀನು ಏನು ಹೇಳಿದ್ರೂ ವಾಪಸ್ ಬರಲ್ಲ. ನಿನ್ನ ಕೆಲಸ ಹೋದ್ರೆ ಅದೂ ಬರಲ್ಲ."

ಮಾತು ಸುಳ್ಳಲ್ಲ. ಜಟ್ಟಪ್ಪ ಆಗಲಿ ಎಂದು ತಲೆಯಾಡಿಸಿದ. ತಲೆಯಾಡಿಸುವಾಗ ಮನಸ್ಸಿನಲ್ಲಿ ಏನೂ ಅಲುಗಲಿಲ್ಲ. ಹುಚ್ಚಮ್ಮನಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಲೇ ಇದ್ದಳು. "ಖಾಯಂ ಅಂದ್ರೆ ಬ್ರೇಕ್ ಇರಲ್ವಾ?" ಎಂದಷ್ಟೇ ಕೇಳಿದಳು. "ಇರಲ್ಲ" ಎಂದ.

ಶುಕ್ರವಾರ ಬೆಳಿಗ್ಗೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಜಟ್ಟಪ್ಪ ಕಾಮಿನಿಯನ್ನು ಬಾಂಡ್ಲಿಯಿಂದ ಮೇಲೆತ್ತಿ ಬೇರು ಸವರಲು ಕೂತ. ವರ್ಷವರ್ಷವೂ ಮಾಡುವ ಕೆಲಸ. ಬಿಳಿ ಬೇರುಗಳು ಹೋಗಲು ಜಾಗವಿಲ್ಲದೆ ಬಾಂಡ್ಲಿಯ ಒಳಮೈಗೆ ಸುತ್ತಿಸುತ್ತಿ ಹಗ್ಗವಾಗಿದ್ದವು. ಕತ್ತರಿ ಹಾಕಿದ. ಮಣ್ಣು ಉದುರಿತು. ಇನ್ನೊಂದು ಹಾಕಿದ. ಗಿಡ ಕೂಗುವುದಿಲ್ಲ, ಅದಕ್ಕೇ ಕೈ ಸಲೀಸಾಗಿ ಓಡುತ್ತದೆ.

ಹಾಲಮ್ಮ ಕೂಗಿದ್ದಳು.

ಅವನ ಕೈ ನಿಂತಿತು. ಕೂಗು ಅವನಿಗೆ ಕೇಳಿತ್ತು. ಕೇಳಿದ ಮೇಲೂ ರೋಲರ್ ನಿಲ್ಲಿಸಿರಲಿಲ್ಲ. ಹೆಗಲಿಗೆ ಹಗ್ಗ ಬಿಗಿದಿತ್ತು, ಕಾಲು ತಮ್ಮ ಪಾಡಿಗೆ ನಡೆದಿದ್ದವು. ಯಾರೋ ಎಲ್ಲೋ ಕೂಗಿಕೊಂಡ ಹಾಗೆ, ತನಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ ಅವನು ಎಳೆದಿದ್ದ. ಇದನ್ನು ಯಾರೂ ಅವನನ್ನು ಕೇಳಿರಲಿಲ್ಲ. ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ.

"ಬಸ್ ಹೋಗ್ತದೆ," ಎಂದಳು ಹುಚ್ಚಮ್ಮ. "ಅರ್ಧ ಕತ್ರಿಸಿ ಬಿಟ್ಟೀಯಲ್ಲ?"

"ನೀರು ಹಾಕು," ಎಂದು ಎದ್ದ.

ಶಿವಮೊಗ್ಗದ ಕಚೇರಿಯಲ್ಲಿ ಅಧಿಕಾರಿ ಇನ್ನೂ ಹರೆಯದವನು, ಟಪಾಲಿನ ರಾಶಿಯ ನಡುವೆ ಕೂತಿದ್ದ. ಪಕ್ಕದಲ್ಲಿ ಗುಮಾಸ್ತ. ಶಿವಯೋಗಪ್ಪ ಹಣೆತುಂಬ ವಿಭೂತಿ ಧರಿಸಿ ಕುರ್ಚಿಯಲ್ಲಿದ್ದ. ಹಾಲಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವಳಿಗೆ ಕೂರಲು ಯಾರೂ ಹೇಳಿರಲಿಲ್ಲ.

"ಹೆಸರು?" ಅಧಿಕಾರಿ ಕೇಳಿದ.

"ಯಾವುದು ಹೇಳ್ಲಿ ಸ್ವಾಮಿ?"

"ಏನಯ್ಯಾ, ತಮಾಷೆನಾ?"

"ಅಲ್ಲ ಸ್ವಾಮಿ. ಪುಸ್ತಕದಾಗೆ ಭೂತಪ್ಪ. ಅದ್ರ ಹಿಂದೆ ಕೊಟ್ರಬಸಪ್ಪ. ಅದಕ್ಕೂ ಹಿಂದಿನವು ನೆನಪಿಲ್ಲ. ಅವ್ವ ಇಟ್ಟಿದ್ದು ಜಟ್ಟಪ್ಪ."

ಶಿವಯೋಗಪ್ಪ ಕೆಮ್ಮಿದ. "ಸ್ವಲ್ಪ ಬುದ್ಧಿ ಮಂದ, ಸಾರ್. ಗಿಡದ ಹುಚ್ಚು."

"ಘಟನೆಯ ದಿನ ಈಕೆ ಕೆಲಸದಲ್ಲಿದ್ದಳೋ ಇಲ್ಲವೋ? ಅದನ್ನ ಹೇಳು."

"ಇದ್ಲು. ಹುಲಿಗೆಮ್ಮ ಅಂತ ಬರ್ಕಂಡಿದ್ರು. ಹಾಲಮ್ಮನೇ ಹುಲಿಗೆಮ್ಮ."

"ನಿನಗೆ ಹ್ಯಾಗೆ ಗೊತ್ತು?"

"ರೋಲರ್ ಎಳೀತಿದ್ದೋನು ನಾನೇ. ಇನ್ನೊಂದು ಐತೆ. ಅದನ್ನೂ ಬರ್ಕಳಿ ಸ್ವಾಮಿ. ಈಕೆ ಕೂಗಿದ ಮೇಲೂ ನಾನು ನಿಲ್ಲಿಸ್ಲಿಲ್ಲ. ಎರಡು ಹೆಜ್ಜೆ ಎಳ್ದೆ."

ಗುಮಾಸ್ತನ ಲೇಖನಿ ನಿಂತಿತು. "ಯಾಕೆ?" ಎಂದು ಅಧಿಕಾರಿ ಮೆಲ್ಲಗೆ ಕೇಳಿದ.

"ಕೇಳಿಸ್ತು. ಆದ್ರೆ ಮುಟ್ಲಿಲ್ಲ."

ಗುಮಾಸ್ತ ಬರೆದುಕೊಂಡ. ಓದಿ ಹೇಳಿದ. ಜಟ್ಟಪ್ಪ ಹೆಬ್ಬೆಟ್ಟು ಒತ್ತಿದ.

ಹೊರಗೆ ಮೆಟ್ಟಿಲ ಬಳಿ ವೆಂಕಟಾಚಲ ಕಾಯುತ್ತಿದ್ದ. ಜಟ್ಟಪ್ಪನ ಮುಖ ನೋಡದೆ, "ಸೋಮವಾರದಿಂದ ಬರ್ಬೇಡ ಅಂದವ್ರೆ," ಎಂದ. "ನಾನು ಹೇಳ್ತಿರೋ ಮಾತಲ್ಲ ಇದು."

"ಗೊತ್ತು ಬಿಡು."

ಅವನು ಹೊರಟುಹೋದ. ಹಾಲಮ್ಮ ಕೋಲೂರಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದು ಪಕ್ಕದಲ್ಲಿ ನಿಂತಳು. ಜಟ್ಟಪ್ಪ ಹೆಬ್ಬೆಟ್ಟಿನ ಮಸಿಯನ್ನು ಚಡ್ಡಿಗೆ ಒರೆಸಲು ಹೋಗಿ ಹಾಗೇ ಬಿಟ್ಟ. ಅವಳು ಅದನ್ನು ನೋಡಿದಳು.

"ಮೂರು," ಎಂದಳು.

"ಏನು ಮೂರು?"

"ಎರಡಲ್ಲ ಕಣೋ. ಮೂರು ಹೆಜ್ಜೆ ಎಳ್ದೆ ನೀನು."

ಜಟ್ಟಪ್ಪ ಅವಳ ಮುಖ ನೋಡಿದ. ಆಮೇಲೆ ಬಟ್ಟೆ ಸುತ್ತಿದ ಪಾದ ನೋಡಿದ.

"ಇಲ್ಲೇ ಕೂತಿರು," ಎಂದ. "ತಿದ್ಸಿ ಬರ್ತೀನಿ."

ಅವನು ಮೆಟ್ಟಿಲು ಹತ್ತಿ ಮತ್ತೆ ಒಳಗೆ ಹೋದ.