ಗುನಿಲ್ಲಾ ತಂದ ಮಾಂಸ, ಮಾವ ಮಾಡಿದ ಕಲ್ಲು

ಪಕ್ಕದ ಮನೆಯ ಗುನಿಲ್ಲಾ ಬೇಲಿಯಾಚೆಯಿಂದ ಬಟ್ಟೆಯ ಚೀಲವೊಂದನ್ನು ನನ್ನ ಕೈಗಿತ್ತರು. ಜಿಂಕೆಯ ಮುಂಗಾಲಿನ ಮಾಂಸ, ಅವರೇ ಹೊಡೆದದ್ದು. ಆ ಶನಿವಾರ ಅವರಿಗೆ ಎಪ್ಪತ್ತು ತುಂಬುತ್ತಿತ್ತು. ಮಕ್ಕಳು ಮಾಲ್ಮೋದಿಂದ ಬರುವುದು ಭಾನುವಾರ, ಶನಿವಾರದ ಊಟ ಮಾತ್ರ ನಿಮ್ಮ ಮನೆಯಲ್ಲಿ, ನಿಮ್ಮ ಮಸಾಲೆಯಲ್ಲೇ ಆಗಲಿ ಎಂದರು. ನಾನು ಸಂತೋಷದಿಂದ ಒಪ್ಪಿಕೊಂಡೆ. ಅಡುಗೆಮನೆಗೆ ಬಂದ ಮೇಲಷ್ಟೇ ಮಾವನ ನೆನಪಾಯಿತು.

ಮಾವ ವೆಂಕಟರಮಣಪ್ಪನವರು ಅರಣ್ಯ ಇಲಾಖೆಯಲ್ಲಿ ರೇಂಜರ್ ಆಗಿದ್ದವರು. ಜಿಂಕೆ ಕೊಂದವರನ್ನು ಹಿಡಿಯುವುದರಲ್ಲೇ ಅವರ ಸರ್ವೀಸು ಕಳೆದಿತ್ತು. ಕಳ್ಳಬೇಟೆಯವನೊಬ್ಬ ಹಾರಿಸಿದ ನಾಡಬಂದೂಕಿನ ಗುಂಡಿನ ಚೂರು ಎಡ ಹೆಗಲಿನಲ್ಲಿ ಇನ್ನೂ ಉಳಿದಿದೆ. ಅತ್ತೆ ತೀರಿಕೊಂಡ ಮೇಲೆ ಅವರು ಮಾತೇ ಬಿಟ್ಟಿದ್ದರು, ಸ್ವಲ್ಪ ದಿನ ಇರಲಿ ಎಂದು ನಾವಿರುವ ಈ ಪರದೇಶದ ಊರು ಸೊಲ್ಲೆಂಟುನಾಕ್ಕೆ ಕರೆಸಿಕೊಂಡೆವು. ಬಂದ ವಾರವೇ ಟಿಕೆಟ್ ಬದಲಾಯಿಸಿ, ನನ್ನನ್ನು ಕಳಿಸಿಬಿಡಿ ಎಂದು ಕೂತರು. ಆಮೇಲೆ ಗುನಿಲ್ಲಾ ಒಂದು ಬೆಳಿಗ್ಗೆ ಬಾಗಿಲು ತಟ್ಟಿ ವಾಕಿಂಗ್‌ಗೆ ಕರೆದರು. ಇಬ್ಬರದೂ ಅರೆಬರೆ ಇಂಗ್ಲಿಷ್. ಆದರೂ ದಿನಾ ಹೋಗತೊಡಗಿದರು, ಟಿಕೆಟ್ಟಿನ ಮಾತು ನಿಂತಿತು. ಅತ್ತೆ ಹೋದ ಮೇಲೆ ಮಾವ ನಕ್ಕ ಸದ್ದು ನಾನು ಮೊದಲು ಕೇಳಿದ್ದು ಆ ಬೇಲಿಯ ಹತ್ತಿರವೇ. ಆ ಸ್ನೇಹಿತೆ ಜಿಂಕೆ ಹೊಡೆಯುವವರು ಎಂದು ಗೊತ್ತಾದರೆ?

"ಮಟನ್ ಅಂತ ಹೇಳ್ಬಿಡೋಣ," ಎಂದ ನನ್ನ ಗಂಡ ಆದರ್ಶ.

"ಯಾರಿಗೆ, ನಿಮ್ಮಪ್ಪನಿಗಾ?"

"ಧನಿಯಾ ಜಾಸ್ತಿ ಹಾಕು, ಏನೂ ಗೊತ್ತಾಗಲ್ಲ."

"ನನ್ನ ಜಿಂಕೆ ಹೇಗಿದೆ ಅಂತ ಗುನಿಲ್ಲಾನೇ ಟೇಬಲ್ಲಲ್ಲಿ ಕೇಳಿದ್ರೆ?"

"ಅಷ್ಟು ಹೊತ್ತಿಗೆ ನಾನು ಪಾತ್ರೆ ತೊಳೀತಿರ್ತೀನಿ."

ಹುಟ್ಟುಹಬ್ಬದ ಉಡುಗೊರೆಗೆಂದು ನಾನೂ ಮಾವನೂ ಹಿಂದಿನ ವಾರದಿಂದಲೇ ಹಿತ್ತಲಲ್ಲಿ ಕಲ್ಲು ಮಾಡುತ್ತಿದ್ದೆವು. ಗುನಿಲ್ಲಾ ಅವರ ಗೇಟಿನಿಂದ ಬಾಗಿಲವರೆಗೆ ಹುಲ್ಲಿನ ನಡುವೆ ಕಾಲಿಡಲು ಚಪ್ಪಟೆ ಕಲ್ಲುಗಳು. ರುಬಾರ್ಬ್ ಗಿಡದ ಎಲೆ ನಮ್ಮ ಕೆಸುವಿನ ಎಲೆಯಷ್ಟು ಅಗಲ. ಅದನ್ನು ಹಳೆಯ ಕೇಕ್ ತಟ್ಟೆಯ ತಳಕ್ಕೆ ಹಾಸಿ, ಮೇಲೆ ಸಿಮೆಂಟ್ ಸುರಿದು, ಗಟ್ಟಿಯಾದ ಮೇಲೆ ಬೋರಲು ಹಾಕಿ ಎಲೆ ಸುಲಿದರೆ ನರನರವೂ ಕಲ್ಲಿನಲ್ಲಿ ಮೂಡಿರುತ್ತದೆ. ಮಾವ ಒಂದು ಕಲ್ಲನ್ನು ಮಾತ್ರ ಒಬ್ಬರೇ ಮಾಡಿ, ಗೋಣಿ ಮುಚ್ಚಿ ಇಟ್ಟಿದ್ದರು. ನಾನು ಎತ್ತಿ ನೋಡಲು ಹೋದಾಗ "ಕೈ ತೆಗಿ" ಎಂದು ಗದರಿದ್ದರು.

ಶನಿವಾರ ಅವರು ಹಿತ್ತಲಲ್ಲಿದ್ದಾಗಲೇ ಅಡುಗೆ ಮುಗಿಸಿಬಿಡಬೇಕೆಂದು ಬೇಗ ಒಲೆ ಹಚ್ಚಿದೆ. ರಾತ್ರಿಯೆಲ್ಲ ಮೊಸರಿನಲ್ಲಿ ನೆನೆದ ಮಾಂಸವನ್ನು ಈರುಳ್ಳಿ, ಶುಂಠಿ, ಬೆಳ್ಳುಳ್ಳಿಯ ಜೊತೆ ಬಾಡಿಸಿ, ಮೆಣಸು, ಲವಂಗ, ಬೇಕಾದ್ದಕ್ಕಿಂತ ಹೆಚ್ಚೇ ಧನಿಯಾ ಹಾಕಿದೆ. ಕುಕ್ಕರಿನ ಮುಚ್ಚಳ ಕೈಗೆತ್ತಿಕೊಳ್ಳುವಾಗ ಹಿಂದೆ ಮಾವ ನಿಂತಿದ್ದರು.

"ಏನಮ್ಮ ಇದು?"

"ಮಟನ್, ಮಾವ."

ಅವರು ಸೌಟಿನಲ್ಲಿ ಒಂದು ತುಂಡು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. "ಒಂದು ಚೂರು ಕೊಬ್ಬಿಲ್ಲ. ಎಳೆ ನೋಡು ಎಷ್ಟು ಸಣ್ಣ. ಪಾವನಾ, ನಾನು ಎಷ್ಟು ಮಹಜರು ಬರೆದಿದೀನಿ ಅಂದ್ಕೊಂಡೆ? ಸಿಕ್ಕಿಬಿದ್ದೋರೆಲ್ಲ ಹೇಳ್ತಿದ್ದಿದ್ದೇ ಇದು. ಮಟನ್ ಸ್ವಾಮಿ, ಮಟನ್."

"ಗುನಿಲ್ಲಾ ಕೊಟ್ಟಿದ್ದು ಮಾವ. ಅವರೇ ಹೊಡೆದಿದ್ದು. ಇಲ್ಲಿ ಅದಕ್ಕೆ ಲೈಸೆನ್ಸ್ ಇರುತ್ತೆ, ಕಾನೂನು ಪ್ರಕಾರ ತಪ್ಪಲ್ಲ. ನಿಮಗೆ ನೋವಾಗುತ್ತೆ ಅಂತ ಸುಳ್ಳು ಹೇಳ್ದೆ."

ಮಾವ ಸೌಟು ಕೆಳಗಿಟ್ಟರು. ನಲ್ಲಿಯ ಕೆಳಗೆ ಕೈಗಂಟಿದ್ದ ಸಿಮೆಂಟನ್ನು ನಿಧಾನವಾಗಿ ತೊಳೆದು, ಒರೆಸಿಕೊಂಡು, ಹಿಂಬಾಗಿಲಿನಿಂದ ಹೊರಟರು. ಕಿಟಕಿಯಿಂದ ನೋಡಿದೆ. ನೇರ ಹೋಗಿ ಗುನಿಲ್ಲಾ ಅವರ ಬಾಗಿಲು ತಟ್ಟುತ್ತಿದ್ದರು. ನಾನು ಒಲೆ ಆರಿಸಿದೆ. ಎಪ್ಪತ್ತರ ಹುಟ್ಟುಹಬ್ಬದ ದಿನವೇ ಆ ಹೆಂಗಸನ್ನು ಬೈಯುತ್ತಾರೆ, ನಾಳೆ ಟಿಕೆಟ್ ಕೇಳುತ್ತಾರೆ, ಊರಿಗೆ ಹೋಗಿ ಮತ್ತೆ ಮಾತು ಬಿಡುತ್ತಾರೆ. ಇಷ್ಟೆಲ್ಲ ಆಗಿಯೇ ಹೋಯಿತು ಎನ್ನುವಂತೆ ಸಿಂಕ್ ಹಿಡಿದು ನಿಂತೆ.

ಬಾಗಿಲು ತೆರೆಯಿತು. ಇಬ್ಬರೂ ನಮ್ಮ ಹಿತ್ತಲಿಗೇ ಬಂದರು. ಮಾವ ಗೋಣಿ ಸರಿಸಿದರು. ನಾನೂ ಓಡಿಹೋದೆ.

ಆ ಕಲ್ಲಿನಲ್ಲಿ ಎಲೆ ಇರಲಿಲ್ಲ. ನಟ್ಟನಡುವೆ ಸೀಳುಗೊರಸಿನ ಎರಡು ಹೆಜ್ಜೆಗಳಿದ್ದವು, ಈಗಷ್ಟೇ ದಾಟಿಹೋದ ಹಾಗೆ. ಹುಲಿ ಹೆಜ್ಜೆಯ ಅಚ್ಚು ತೆಗೆಯುತ್ತಿದ್ದ ಕೈ, ಗುನಿಲ್ಲಾ ಅವರ ಹೂಪಾತಿಯ ಕೆಸರಿನಿಂದ ಜಿಂಕೆಯ ಹೆಜ್ಜೆ ತೆಗೆದಿತ್ತು.

"ಯುವರ್ ರೋಸ್ ಥೀಫ್," ಎಂದರು ಮಾವ.

ತಮ್ಮ ಗುಲಾಬಿ ಮೊಗ್ಗುಗಳನ್ನೆಲ್ಲ ತಿಂದ ಆ ಕಳ್ಳನ ಗೊರಸಿನ ಗುರುತಿನೊಳಗೆ ಗುನಿಲ್ಲಾ ಬೆರಳಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಮಾವ, ಇವರು ಬೇಟೆಯಾಡೋದು ನಿಮಗೆ ಗೊತ್ತಿತ್ತಾ?"

"ಮತ್ತೆ ದಿನಾ ಕಾಡಿಗೆ ಯಾತಕ್ಕೆ ಹೋಗ್ತಿದ್ವಿ? ಎಷ್ಟು ಹೆಣ್ಣು, ಎಷ್ಟು ಮರಿ ಅಂತ ಲೆಕ್ಕ ಹಾಕೋಕೆ. ಲೆಕ್ಕ ಇಲ್ಲದೆ ಆಯಮ್ಮ ಬಂದೂಕು ಮುಟ್ಟಲ್ಲ. ಮೊದಲನೇ ದಿನವೇ ಲೈಸೆನ್ಸ್ ಕೇಳ್ದೆ, ತೋರಿಸಿದ್ಲು."

"ನಮಗ್ಯಾಕೆ ಹೇಳ್ಲಿಲ್ಲ?"

"ಮೂಲೆ ಅಂಗಡಿಗೆ ಹೋದ್ರೂ ತಲುಪಿದ ಕೂಡಲೇ ಫೋನ್ ಮಾಡಿ ಅನ್ನೋಳು ನೀನು. ಬಂದೂಕಿನ ಜೊತೆ ವಾಕಿಂಗ್ ಅಂದ್ರೆ ಕಳಿಸ್ತಿದ್ಯಾ?"

"ಈಗ ಅಡುಗೆಮನೆಯಿಂದ ಮಾತಾಡದೆ ಹೊರಟ್ರಲ್ಲ!"

"ಆರೋಪಿನ ಸ್ವಲ್ಪ ಹೊತ್ತು ಒಬ್ಬರನ್ನೇ ಬಿಡಬೇಕು ಕಣಮ್ಮ. ಅದು ಪದ್ಧತಿ."

ಮತ್ತೆ ಒಲೆ ಹಚ್ಚಿ ಅಡುಗೆ ಮುಗಿಸಿದೆ. ಊಟಕ್ಕೆ ಕೂತಾಗ ಮಾವ ಜಿಂಕೆ ಮಾಂಸ ಮುಟ್ಟಲಿಲ್ಲ. "ಆಯಮ್ಮನದು ತಪ್ಪು ಅಂತಲ್ಲ. ಈ ಕೈಗೆ ಅಭ್ಯಾಸ ಇಲ್ಲ," ಎಂದು ಸೊಪ್ಪಿನ ಸಾರು ಬಡಿಸಿಕೊಂಡರು. ಗುನಿಲ್ಲಾ ಎರಡು ಸಲ ಮಾಂಸ ಹಾಕಿಸಿಕೊಂಡರು. ಮುದ್ದೆಯನ್ನು ಅಗಿಯಬೇಡ, ನುಂಗು ಎಂದು ಮಾವ ಗಂಟಲು ಮುಟ್ಟಿ ಎಷ್ಟು ತೋರಿಸಿದರೂ ಅಗಿದು, ಹಲ್ಲಿಗೆಲ್ಲ ಅಂಟಿಸಿಕೊಂಡು ಕೂತರು.

"ಅಪ್ಪ, ಆ ಟಿಕೆಟ್ಟು..." ಎಂದು ಆದರ್ಶ ಮೆಲ್ಲಗೆ ತೆಗೆದ.

"ಮೊದಲಿದ್ದ ದಿನಕ್ಕೇ ಇರಲಿ ಬಿಡೋ. ಇನ್ನೂ ಕೆರೆ ಆಚೆ ಕಡೆ ಲೆಕ್ಕ ಬಾಕಿ ಇದೆ. ನೀನು ಎದ್ದು ಪಾತ್ರೆ ತೊಳಿ."

ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಏನೂ ಇಳಿದಿರಲಿಲ್ಲ. ತಟ್ಟೆ ಹತ್ತಿರಕ್ಕೆ ಎಳೆದುಕೊಂಡು, ಕುಕ್ಕರಿನಲ್ಲಿ ಉಳಿದಿದ್ದನ್ನೆಲ್ಲ ಬಡಿಸಿಕೊಂಡೆ. ಧನಿಯಾ ತುಸು ಹೆಚ್ಚೇ ಆಗಿತ್ತು.