ವಾಪಸ್ ಕೊಡದ ಬ್ಯಾಂಕು

“ಸತ್ತೋಳ ರಕ್ತ ತಗೊಂಡು ಏನ್ ಸಾರು ಮಾಡ್ಕೊಂಡು ಕುಡೀತೀಯೇನೇ? ಸರಿ ಆ ಕಡೆ, ಲೈನ್ ನಿಂತಿದೆ.”

ಹಾಗಂದವನು ಡಾಕ್ಟರ್ ನಿರಂಜನ್. ಆದಿವಾಲ ಊರಿನಾಚೆಯ ಗೊಲ್ಲರಹಟ್ಟಿಯ ಶಾಲೆ ಜಗಲಿಯಲ್ಲಿ ಮೇಜು ಹಾಕಿಸಿಕೊಂಡು ಕೂತಿದ್ದ. ಬೆಳಗ್ಗೆಯಿಂದ ನಲವತ್ತು ಜನರ ರಕ್ತ ಎಳೆದಾಗಿತ್ತು. ಅವನ ಮಾತಿಗೆ ಸಾಲಿನಲ್ಲಿದ್ದ ಒಬ್ಬಿಬ್ಬರು ನಕ್ಕರು, ದೊಡ್ಡವರು ಅಂದಾಗ ನಗಬೇಕಲ್ಲ. ನಾಗಕ್ಕ ನಗಲಿಲ್ಲ, ಸರಿಯಲೂ ಇಲ್ಲ. ಅವಳಿಗೆ ಮಗಳ ರಕ್ತ ವಾಪಸ್ ಬೇಕಿತ್ತು.

ನಾಲ್ಕು ವರ್ಷದ ಹಿಂದೆ ಇದೇ ಜಗಲಿಗೆ ಇದೇ ಡಾಕ್ಟರು ಬಂದಿದ್ದ. ರಕ್ತ ಕಮ್ಮಿ ಇದೆಯಾ ನೋಡ್ತೀವಿ ಬನ್ನಿ ಅಂತ ಕರೆದು ಇಡೀ ಹಟ್ಟಿಯ ತೋಳು ಚುಚ್ಚಿದ. ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ. ಇದೇನು ಅಂದದ್ದಕ್ಕೆ, ನಿಮ್ಮ ರಕ್ತ ಬ್ಯಾಂಕಲ್ಲಿಡ್ತೀವಿ ಅಂದ. ಬ್ಯಾಂಕು ಅಂದಮೇಲೆ ಇನ್ನೇನು ಭಯ! ಇಟ್ಟದ್ದು ನಮ್ಮದೇ, ಬೇಕಾದಾಗ ಬಿಡಿಸಿಕೊಂಡರಾಯಿತು ಅಂತ ನಾಗಕ್ಕನ ಭಾವ ಜುಂಜಣ್ಣನೇ ಮೊದಲು ತೋಳು ಚಾಚಿದ. ಹದಿನಾರರ ಮಗಳು ಗಂಗಾ ಸೂಜಿ ಕಂಡು ಅತ್ತಾಗ, ರೆಟ್ಟೆ ಒತ್ತಿ ಹಿಡಿದವಳು ನಾಗಕ್ಕನೇ. ಆ ಸಂಕಟ ಅವಳನ್ನು ಈಗಲೂ ತಿನ್ನುತ್ತದೆ.

ಯಾರಿಗೂ ರಿಪೋರ್ಟ್ ಅಂತ ಒಂದು ಚೀಟಿ ಬರಲಿಲ್ಲ. ಮಾರನೇ ವರ್ಷ ಗಂಗಾ ದಿನೇದಿನೇ ಬಿಳಿಚಿಕೊಂಡು, ಎದ್ದು ನಿಲ್ಲಲಾರದೆ ಸತ್ತಳು. ಮಣ್ಣು ಮಾಡುವಾಗ ನಾಗಕ್ಕ ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲನ್ನೂ ಬಿಡಿಸಿ ಕುಣಿಗೆ ಹಾಕಿದಳು. ಸತ್ತವರದ್ದು ಏನೂ ಮೇಲುಳಿಯಬಾರದು ಅಂತ ಅವಳ ಅತ್ತೆ ಹೇಳಿಕೊಟ್ಟಿದ್ದಳು.

ಮೊನ್ನೆ ಕ್ಯಾಂಪಿನ ಸುದ್ದಿ ಹೇಳಲು ಬಂದಿದ್ದ ಆಶಾ ಕಾರ್ಯಕರ್ತೆ ನೇತ್ರಾವತಿ, ನಾಗಕ್ಕನ ತಮ್ಮನ ಮಗಳು, ಬಾಯಿತಪ್ಪಿ ಅಂದುಬಿಟ್ಟಳು. ಗಂಗಾಳ ರಕ್ತ ಇನ್ನೂ ಬೆಂಗಳೂರಲ್ಲಿದೆಯಂತೆ, ಐಸಿಗಿಂತ ತಣ್ಣಗಿನ ಪೆಟ್ಟಿಗೆಯಲ್ಲಿ, ನೂರು ವರ್ಷ ಜೀವಂತ ಇರುತ್ತದಂತೆ.

ಜೀವಂತ! ಅವತ್ತಿನಿಂದ ನಾಗಕ್ಕನಿಗೆ ತಿಂದ ಅನ್ನ ಮೈಗೆ ಹತ್ತಿಲ್ಲ. ಸುಡುವ ಮಧ್ಯಾಹ್ನ ಕುರಿ ಮುಂದೆ ಕೂತರೆ ಬೆನ್ನ ಹಿಂದೆ ಯಾರೋ ಕಟಕಟ ಹಲ್ಲು ಕಡಿಯುತ್ತಾರೆ. ಅವ್ವಾ, ಚಳಿ ಅನ್ನುತ್ತಾರೆ. ತಿರುಗಿದರೆ ಬರೀ ಜಾಲಿಗಿಡ, ಬಿಸಿಲು. ಕಂಬಳಿ ಒಯ್ದು ಮಗಳನ್ನು ಹೂತ ಜಾಗಕ್ಕೆ ಹೊದಿಸಿ ಬಂದಳು. ಆ ದನಿ ನಿಲ್ಲಲಿಲ್ಲ. ಮಗು ಪೂರ್ತಿ ಅಲ್ಲಿದ್ದರೆ ತಾನೇ!

ಈಗ ನೇತ್ರಾವತಿ ಹೆದರುತ್ತಲೇ ಮುಂದೆ ಬಂದು ಮೇಜಿನ ಮೇಲಿದ್ದ ಒಪ್ಪಿಗೆ ಕಾಗದದ ಏಳನೇ ಅಂಶಕ್ಕೆ ಬೆರಳಿಟ್ಟಳು. ಯಾವಾಗ ಬೇಕಾದ್ರೂ ಒಪ್ಪಿಗೆ ವಾಪಸ್ ತಗಬೋದು ಅಂತ ಇಲ್ಲೇ ಐತಲ್ಲ ಸಾರ್ ಅಂದಳು. ನಿರಂಜನ್ ನಿನ್ನ ಕೆಲಸ ಕಳೀತೀನಿ ನೋಡು ಅಂತ ಅವಳನ್ನು ಗದರಿದ. ಆಮೇಲೆ ನಾಗಕ್ಕನ ಕಡೆ ತಿರುಗಿ, ಕಾಗದ ಇರೋದು ಹುಡುಗಿ ಹೆಸರಲ್ಲಿ, ಬೇಕಾದರೆ ಅವಳೇ ಬಂದು ಸಹಿ ಹಾಕಲಿ ಅಂದ.

“ಅವ್ಳು ಸತ್ತಾಳೆ ಸಾರ್.”

“ಹಾಗಾದ್ರೆ ಕೇಳೋರೇ ಇಲ್ಲ ಅಂತಾಯ್ತು. ನೋಡು, ಹೊರಗಿನ ಹೆಣ್ಣು ತರದ ಜಾತಿ ನಿಮ್ದು, ಬೆರಕೆ ಇಲ್ಲದ ರಕ್ತ. ಅದ್ರಲ್ಲೂ ನಿನ್ನ ಮಗಳದ್ದು ಚಿನ್ನ. ಅವಳ ಕಾಯಿಲೆ ನಮಗೆ ಅದ್ರಲ್ಲೇ ಸಿಕ್ತು.”

ಜುಂಜಣ್ಣ ತೋಳಿಗೆ ಒತ್ತಿಕೊಂಡಿದ್ದ ಹತ್ತಿಯನ್ನು ಕೆಳಗೆ ಹಾಕಿದ.

“ಸಾಯೋಕ್ ಮುಂಚೇನೇ ಗೊತ್ತಿತ್ತಾ?” ನಾಗಕ್ಕ ಕೇಳಿದಳು. “ಗೊತ್ತಿದ್ದೂ ಯಾಕಲೇ ಹೇಳ್ಲಿಲ್ಲ, ಬಡ್ಡೀಮಗನೇ?”

ಹೇಳೋದು ನಮ್ಮ ಪ್ರಾಜೆಕ್ಟಲ್ಲಿ ಇರಲಿಲ್ಲ ಅಂದ ನಿರಂಜನ್. ಗಡಿಯಾರ ನೋಡಿಕೊಂಡ.

ನಾಗಕ್ಕ ಮೇಜಿನ ಪಕ್ಕದ ಬಿಳಿ ಪೆಟ್ಟಿಗೆಯ ಮುಚ್ಚಳ ತೆಗೆದಳು. ಐಸಿನ ಪೊಟ್ಟಣಗಳನ್ನು ಒಂದೊಂದಾಗಿ ಅಂಗಳಕ್ಕೆ ಎಸೆದಳು. ನಲವತ್ತು ರಕ್ತದ ಕೊಳವೆಗಳನ್ನು ಸೆರಗಿಗೆ ಸುರಿದುಕೊಂಡು ಹೋಗಿ ಉರಿಬಿಸಿಲಲ್ಲಿ ಕೂತಳು. ನಿರಂಜನ್ ಅರಚುತ್ತ ನುಗ್ಗಿದ. ಸಾಲು ಮುರಿದು ಹಟ್ಟಿಯವರು ಅಡ್ಡ ನಿಂತರು. ಈಗ ಯಾರೂ ನಗುತ್ತಿರಲಿಲ್ಲ.

“ನನ್ ಮಗಳ್ನ ತಂದುಕೊಡು. ಇವನ್ನ ತಗಂಡೋಗು.”

“ಎಲ್ಲಿಂದ ತರ್ಲಿ? ಅದನ್ನ ಪಾಲು ಮಾಡಿ ಯಾವ್ಯಾವ ದೇಶಕ್ಕೋ ಕಳ್ಸಾಗಿದೆ!”

ನಾಗಕ್ಕ ಸೆರಗಿನೊಳಗಿನ ತಣ್ಣನೆಯ ಕೊಳವೆಗಳನ್ನು ಎರಡೂ ಅಂಗೈಯಿಂದ ಉಜ್ಜುತ್ತ ಕೂತಳು, ಚಳಿ ಹಿಡಿದ ಮಕ್ಕಳ ಕಾಲು ಉಜ್ಜುವ ಹಾಗೆ.

ಜುಂಜಣ್ಣ ಬಗ್ಗಿ ನೋಡಿದ. ಕೊಳವೆಗಳ ಮೇಲೆ ಹೆಸರಿರಲಿಲ್ಲ. ಕಪ್ಪು ಗೀರು, ನಂಬರು.

“ಇದ್ರಾಗೆ ನಂದು ಯಾವ್ದು ನಾಗಕ್ಕ?”

“ಯಾವ್ದಾದ್ರೇನು ಭಾವ, ಎಲ್ಲಾ ನಮ್ಮವೇ. ಇವೂ ಆ ಚಳಿಗೆ ಹೋಗೋದು ಬ್ಯಾಡ, ಕುಣಿ ತೋಡ್ರಿ.”

ಬದುಕಿರುವವರ ರಕ್ತ ಹೂಳಬಹುದೋ ಬಾರದೋ, ಹಟ್ಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜುಂಜಣ್ಣ ಹಾರೆ ತರಲು ಹೋದ.