ಮತ್ಸುಮೊತೊ ನೋಡಿ ಬಂದವನು

ನನ್ನ ಮೈದುನ ಚಲುವರಾಜು ಜಪಾನಿಗೆ ಹೋಗಿಬಂದು ಮೂರು ತಿಂಗಳಾಗಿದ್ದರೂ ಅವನ ಬಾಯಿ ಇನ್ನೂ ವಾಪಸ್ಸು ಬಂದಿರಲಿಲ್ಲ. ಶೀಳನೆರೆಯ ನಮ್ಮ ಜಗುಲಿ ಮೇಲೆ ಮತ್ಸುಮೊತೊ ಎಂಬ ಆ ಊರಿನ ಬಣ್ಣದ ನಕ್ಷೆ ಹರಡಿಕೊಂಡು ಕೂತನೆಂದರೆ ಊಟಕ್ಕೂ ಏಳುತ್ತಿರಲಿಲ್ಲ.

"ಇದು ಕರಿ ಕೋಟೆ ಕಣ್ರಲಾ. ಒಳಗೆ ಮೆಟ್ಲು ಏಣಿ ಇದ್ದಂಗವೆ. ಇಲ್ಲಿ ಬಿಸಿನೀರಿನ ಬುಗ್ಗೆ, ಎಲ್ರೂ ಬರಿ ಮೈಲೇ ಇಳೀತಾರೆ. ಇಲ್ಲೊಂದು ಬೀದಿ, ಎಲ್ ನೋಡುದ್ರೂ ಕಪ್ಪೆ ಬೊಂಬೆ!"

"ಬರಿ ಮೈಲಾ?" ಎಂದು ಕೂತವರು ಹಲ್ಲು ಕಿಸಿಯುತ್ತಿದ್ದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನನ್ನು ಕಳಿಸಿದ್ದು ರೇಷ್ಮೆ ಹುಳ ಸಾಕುವುದನ್ನು ಕಲಿಯಲಿ ಎಂದು, ಕಪ್ಪೆ ನೋಡಲಿ ಎಂದಲ್ಲ. ಹೋಬಳಿಗೇ ಒಳ್ಳೆಯ ಗೂಡು ನಮ್ಮದೆಂದು ಆ ಅವಕಾಶ ಮನೆ ಬಾಗಿಲಿಗೆ ಬಂದಿತ್ತು. ಹನ್ನೊಂದು ವರ್ಷದಿಂದ ಆ ಗೂಡು ಕಟ್ಟಿಸಿದವಳು ನಾನು. ಸೊಪ್ಪು ಕೊಯ್ದವಳು ನಾನು, ಹಿಕ್ಕೆ ಬಳಿದವಳು ನಾನು. ಪೊರೆ ಬಿಡಲು ಹುಳ ಮೇವು ಬಿಟ್ಟು ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತೇವೆ. ಅಂಥ ನಾಲ್ಕು ಜ್ವರಕ್ಕೂ ಕಾವಲು ಕೂತವಳು ನಾನು. ಆದರೆ ಅತ್ತೆ ಮಾರಮ್ಮ, "ಹೆಂಗಸ್ರು ಸಮುದ್ರ ದಾಟುದ್ರೆ ನೆಂಟ್ರು ಉಗೀತಾರೆ, ನಮ್ ಚಲುವ ಓಗ್ಲಿ" ಎಂದುಬಿಟ್ಟರು. ನನ್ನ ಗಂಡ ತಲೆ ಕೆರೆದುಕೊಂಡು ತೋಟದ ಕಡೆ ನಡೆದರು.

ತೊಂಬತ್ತಾರನೇ ಇಸವಿಯಲ್ಲಿ ಹೆಂಗಸರದ್ದೇ ಒಂದು ತಂಡ ಹೋಗುತ್ತದೆಂದು ಸುದ್ದಿ ಬಂತು. ಆರಿಸಲು ಜಪಾನಿನ ಹಯಾಶಿ ಮೇಡಂ ನಮ್ಮ ಹುಳುಮನೆಗೆ ಬರುವವರಿದ್ದರು. ಮೂವತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲವಂತೆ. ನನಗೆ ಆಗಲೇ ಮೂವತ್ತೈದು. ಈ ಸಲ ತಪ್ಪಿದರೆ ಮುಗಿಯಿತು.

ಆವತ್ತು ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬರುವಷ್ಟರಲ್ಲಿ ಮೇಡಂ ಜೀಪು ಬಾಗಿಲಲ್ಲಿತ್ತು. ಹುಳುಮನೆಯಿಂದ ಘಮಘಮ ವಾಸನೆ. ಹೊರೆ ಎಸೆದು ಒಳಗೆ ಓಡಿದೆ. ಮೇಡಮ್ಮಿಗೆ ಮರ್ಯಾದೆಯಂತೆ! ಮತ್ಸುಮೊತೊದ ದೇವಸ್ಥಾನದಿಂದ ತಂದ ಊದುಬತ್ತಿಯನ್ನು ಚಲುವರಾಜು ಕಂತೆಗಟ್ಟಲೆ ಹಚ್ಚಿ ತಟ್ಟೆಗಳ ಸಂದಿಯಲ್ಲಿ ಸಿಗಿಸಿದ್ದ. ಹುಳಕ್ಕೆ ಹೊಗೆ ವಿಷ. ಬೀಡಿ ಸೇದಿ ಬಂದವರನ್ನೂ ನಾನು ಹೊಸಿಲು ದಾಟಿಸಿದವಳಲ್ಲ. ಮೇಲಿನ ಆರು ತಟ್ಟೆಗಳ ಹುಳ ಸೊಪ್ಪು ಬಿಟ್ಟು, ತಲೆ ಒದರುತ್ತ ಹಸಿರು ನೀರು ಕಾರುತ್ತಿದ್ದವು.

ಊದುಬತ್ತಿಯನ್ನೆಲ್ಲ ಕಿತ್ತು ಬಕೆಟ್ಟಿಗೆ ಅದ್ದಿದೆ. ಅಷ್ಟರಲ್ಲಿ ಮೇಡಂ ಒಳಗೆ ಬಂದು ಮೂಗು ಮುಚ್ಚಿಕೊಂಡರು.

"ಇದನ್ನ ಯಾರು ಹಚ್ಚಿದ್ದು ಅಂತ ಕೇಳ್ತಿದ್ದಾರೆ" ಎಂದಳು ಮೇಡಂ ಮಾತನ್ನು ನಮಗೆ ತಿಳಿಸಲು ಜೊತೆಗೆ ಬಂದಿದ್ದ ಹುಡುಗಿ ಸ್ನೇಹ.

"ನಮ್ಮತ್ಗೆ," ಎಂದ ಚಲುವರಾಜು, ಒಂಚೂರೂ ನಾಚಿಕೆಯಿಲ್ಲದೆ. "ಪಾಪ, ಅವ್ಳಿಗೇನ್ ಗೊತ್ತಾಯ್ತದೆ."

ಅತ್ತೆ ಹಿಂದಿನಿಂದ ನನ್ನ ಸೆರಗು ಜಗ್ಗಿದರು. "ಊ ಅಂದ್ಬುಡವ್ವ. ಮನೆ ಮಾನ ಓಯ್ತದೆ."

"ಆ ಮಾನಕ್ಕಿಷ್ಟು ಬೆಂಕಿ ಆಕ! ಸೆರಗು ಬುಡತ್ತೆ," ಎಂದೆ. "ಲೋ ಚಲುವ, ಈ ಹುಳ ಎಷ್ಟನೇ ಜ್ವರ ಎದ್ದವೆ ಯೋಳ್ಲಾ. ಸರಿಯಾಗಿ ಯೋಳ್ಬುಟ್ರೆ, ಅಚ್ಚಿದ್ದು ನಾನೇ ಅಂತ ಒಪ್ಕತೀನಿ."

ಅವನು ತಟ್ಟೆ ನೋಡಿದ, ಸೂರು ನೋಡಿದ. ನಾಲ್ಕೂ ಜ್ವರ ಎದ್ದ, ಕಿರುಬೆರಳು ಗಾತ್ರದ ಹುಳ ಎದುರಿಗೇ ಹರಿಯುತ್ತಿತ್ತು.

"ಎರಡ್ನೇದು," ಎಂದ.

ಬಾಗಿಲಲ್ಲಿ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ದಿನಾ ಅವನ ನಕ್ಷೆ ಸುತ್ತ ಕೂರುತ್ತಿದ್ದವರೇ. ಮೇಡಂ ನಗಲಿಲ್ಲ. ನಲವತ್ತು ದಿನ ಜಪಾನಿನಲ್ಲಿದ್ದು ಏನು ಕಲಿತೆ ಎಂದು ಸ್ನೇಹಳಿಂದ ಅವನನ್ನು ಕೇಳಿಸಿದರು.

"ಊರು ಬಾಳ ಚೆಂದಾಗದೆ ಮೇಡಂ. ಕೋಟೆ ಸುತ್ತ ನೀರು, ನೀರಲ್ಲಿ ಹಂಸ..." ಎಂದು ತೊದಲಿದ.

ಮೇಡಂ ಅವನಿಗೆ ಬೆನ್ನು ತಿರುಗಿಸಿ ನನ್ನ ಹೆಸರು ಕೇಳಿದರು. ಯಶೋದಮ್ಮ ಎಂದೆ. ಬರೆದುಕೊಂಡರು. ಅಲ್ಲಿಗೆ ಬಂದಾಗ ಏನೇನು ನೋಡಬೇಕೆಂದು ಆಸೆ ಎಂದರು.

"ಕೋಟೆಗೆ ನಮ್ ಶ್ರೀರಂಗಪಟ್ಣ ಸಾಕು. ನನ್ನಂಗೆ ಹುಳ ಸಾಕೋ ಹೆಂಗಸಿನ ಮನೆ ತೋರ್ಸಿ ಅನ್ನವ್ವ," ಎಂದೆ ಸ್ನೇಹಳಿಗೆ.

ಜೀಪು ಹೊರಟದ್ದೇ ಅತ್ತೆ ಎದೆ ಬಡಿದುಕೊಂಡರು. "ಅಯ್ಯೋ, ನೀನ್ ಒಂಟೋದ್ರೆ ಹುಳ ನೋಡ್ಕಳೋರ್ಯಾರೇ?"

ಸೊಪ್ಪಿನ ಮಂಕರಿ ಎತ್ತಿ ಚಲುವರಾಜುವಿನ ಎದೆಗೆ ನೂಕಿದೆ.

"ಜಪಾನ್‌ಗೋಗಿ ಕಲ್ತ್ಕಂಡು ಬಂದೋನು ಇವ್ನೇ ಅಲ್ವಾ ಅತ್ತೆ? ಇವ್ನೇ ನೋಡ್ಕಳ್ಲಿ."